ಬೈಲು, ಮಜಲು, ಬೆಟ್ಟು ಮತ್ತು ಹತ್ತು ಸಹಿ

ಕುಂದಾಪುರದ ರೈಲು ನಿಲ್ದಾಣ ಕುಂದಾಪುರ ಪೇಟೆಯಲ್ಲಿಲ್ಲ, ಬಸ್ರೂರಿನ ಕಡೆಯ ಮೂಡ್ಲಕಟ್ಟೆಯಲ್ಲಿದೆ. ಕುರ್ಲಾದಿಂದ ಮಧ್ಯಾಹ್ನ ಹೊರಟ ಮತ್ಸ್ಯಗಂಧ ಬೆಳಗಿನ ಜಾವ ಇಲ್ಲಿ ನಿಂತಾಗ ಇಳಿಯುವವರಲ್ಲಿ ಹೆಚ್ಚಿನವರು ಮುಂಬೈಯವರೇ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದಾಗಿನಿಂದ ಇಲ್ಲಿ ಇಳಿಯುತ್ತಿರುವ ನಾನು ಒಂದು ಬದಲಾವಣೆ ಕಂಡಿದ್ದೇನೆ. ಮೊದಲೆಲ್ಲ ಜನರ ಕೈಯಲ್ಲಿ ಮಿಠಾಯಿ ಡಬ್ಬಿ, ಮದುವೆ ಸೀರೆಯ ಚೀಲ ಇರುತ್ತಿದ್ದವು. ಈಗ ಅದರ ಜೊತೆಗೆ ಒಂದು ಪ್ಲಾಸ್ಟಿಕ್ ಫೈಲು. ಹೋದ ಅಕ್ಟೋಬರಿನಲ್ಲಿ ನಿಲ್ದಾಣದ ಹೊರಗೆ ರಿಕ್ಷಾಕ್ಕೆ ಕಾಯುತ್ತಿದ್ದ ನಾಲ್ವರಲ್ಲಿ ಮೂವರ ಬಳಿ ಅಂಥ ಫೈಲಿತ್ತು. ನನ್ನ ಬಳಿಯೂ.

ಊರಿನಿಂದ ಬಂದ ಒಂದು ಫೋನು ನನ್ನನ್ನು ಹೊರಡಿಸಿತ್ತು. ಪಹಣಿಗೆ ಆಧಾರ್ ಜೋಡಿಸುವ ಕೆಲಸದಲ್ಲಿದ್ದ ನಮ್ಮ ಗ್ರಾಮದ ಉಗ್ರಾಣಿ ದೊಡ್ಡಪ್ಪನ ಮಗನನ್ನು ಕೇಳಿದನಂತೆ: "ಅಜ್ಜಯ್ಯನ ಆಧಾರ್ ಇತ್ತಾ?" ಅಜ್ಜ ತೀರಿಕೊಂಡದ್ದು 1988ರಲ್ಲಿ. ಪಹಣಿಯಲ್ಲಿ ಮಾತ್ರ ಅವರು ಇನ್ನೂ ಗದ್ದೆ ಉಳುತ್ತಿದ್ದಾರೆ. ಅಣ್ಣ ನಗುತ್ತಲೇ ಹೇಳಿದ. ಆಮೇಲೆ ನಗು ನಿಲ್ಲಿಸಿ, "ನೀ ಒಂದ್ಸಲ ಬಪ್ಪುದೊಳ್ಳೇದ್" ಅಂದ.

ಸಂಗಂ ಸೇತುವೆ ದಾಟಿ, ತಲ್ಲೂರು ಕಳೆದು ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರು ರಸ್ತೆ ಹಿಡಿದರೆ ವಂಡ್ಸೆ. ಮಾರಣಕಟ್ಟೆ ಜಾತ್ರೆಗೆ ಹೂವಾಗಬೇಕಾದ ಹೆಮ್ಮಾಡಿ ಸೇವಂತಿಗೆ ಗಿಡಗಳು ಅಕ್ಟೋಬರಿನಲ್ಲಿ ಇನ್ನೂ ಬರೀ ಹಸಿರು. ನಮ್ಮ ಗ್ರಾಮ ವಂಡ್ಸೆ ಹೋಬಳಿಗೆ ಸೇರಿದ್ದು, ಮನೆ ರಸ್ತೆಯಿಂದ ಸ್ವಲ್ಪ ಕೆಳಗೆ. ಈ ಕಡೆ ಭೂಮಿಯನ್ನು ಅಳೆಯುವುದು ಸೆಂಟ್ಸಿನಲ್ಲಿ. ನೂರು ಸೆಂಟ್ಸಿಗೆ ಒಂದು ಎಕರೆ. ಘಟ್ಟದ ಮೇಲಿನವರ ಒಂದು ಗುಂಟೆಗೆ ನಮ್ಮ ಎರಡೂವರೆ ಸೆಂಟ್ಸು. ಗದ್ದೆಗಳಿಗೆ ಮೂರು ಜಾತಿ. ನೀರು ನಿಲ್ಲುವ ತಗ್ಗಿನದ್ದು ಬೈಲು, ಅದರ ಮೇಲಿನ ಮೆಟ್ಟಿಲು ಮಜಲು, ಮಳೆಯನ್ನೇ ನಂಬಿ ಒಂದೇ ಬೆಳೆ ಕೊಡುವ ಎತ್ತರದ್ದು ಬೆಟ್ಟು. ನಮ್ಮದು 60 ಸೆಂಟ್ಸ್ ಬೈಲು, 80 ಸೆಂಟ್ಸ್ ಮಜಲು, 95 ಸೆಂಟ್ಸ್ ಬೆಟ್ಟು. ಒಟ್ಟು 2 ಎಕರೆ 35 ಸೆಂಟ್ಸ್. ಮಜಲಿನ ಪಕ್ಕ ಮನೆ, ಮನೆಯ ಹಿಂದೆ ಹಾಡಿ, ಹಾಡಿಯೊಳಗೆ ನಾಗಬನ.

ಇದನ್ನು ಅಜ್ಜ ಚಾಲಗೇಣಿಗೆ ಹಿಡಿದಿದ್ದರು. 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿಯೆಲ್ಲ ಸರ್ಕಾರದ ವಶಕ್ಕೆ ಬಂದು ಉಳುವವನೇ ಒಡೆಯನಾಗುವ ಕಾನೂನು ಜಾರಿಯಾದಾಗ ಅವರೂ ನಮೂನೆ 7ರ ಅರ್ಜಿ ಹಾಕಿದರು. ನಮ್ಮ ಕಡೆ ಇದಕ್ಕೆ ಡಿಕ್ಲರೇಶನ್ ಕೊಡುವುದು ಎನ್ನುತ್ತಾರೆ. ಭೂನ್ಯಾಯ ಮಂಡಳಿಯಲ್ಲಿ ಗೆದ್ದು ನಮೂನೆ 10ರ ಪ್ರಮಾಣಪತ್ರ ಕೈಗೆ ಬಂದದ್ದು 1979ರಲ್ಲಿ. ಅದರ ಮೇಲೆ ದಕ್ಷಿಣ ಕನ್ನಡ ಜಿಲ್ಲೆ ಎಂದಿದೆ, ಉಡುಪಿ ಜಿಲ್ಲೆ ಆಗಿನ್ನೂ ಹುಟ್ಟಿರಲಿಲ್ಲ. ಆ ಕಾಗದವನ್ನು ದೊಡ್ಡಮ್ಮ ರವಿಕೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಈಗಿನ ಎಲ್ಲ ಕಾಗದಗಳ ತಾಯಿ ಅದು. ನಿಮ್ಮ ಮನೆಯದ್ದೂ ಡಿಕ್ಲರೇಶನ್ ಭೂಮಿಯಾದರೆ ಮೊದಲು ಹುಡುಕಬೇಕಾದದ್ದು ನಮೂನೆ 10 ಮತ್ತು ಮಂಡಳಿಯ ಆದೇಶದ ನಕಲು. ಅರ್ಜಿ ಹಾಕಿದವರು ತಮಗಾಗಿಯೇ ಹಾಕಿದರೋ, ಅವಿಭಕ್ತ ಕುಟುಂಬದ ಪರವಾಗಿಯೋ ಎಂಬುದರ ಮೇಲೆ ಪಾಲಿನ ಲೆಕ್ಕವೇ ಬದಲಾಗುತ್ತದೆ. ಗೇಣಿ ಮುತ್ತಜ್ಜನ ಕಾಲದಿಂದ ಬಂದಿದ್ದರೆ ಅಜ್ಜನ ಅಣ್ಣತಮ್ಮಂದಿರ ಮಕ್ಕಳೂ ಎದ್ದು ಬರಬಹುದು. ನಮ್ಮ ಅಜ್ಜ ತಾವೇ ಹಿಡಿದ ಗೇಣಿ, ಆ ತೊಡಕಿರಲಿಲ್ಲ.

ಬೇರೆ ತೊಡಕಿತ್ತು. ಅಪ್ಪ ಮುಂಬೈಯಲ್ಲಿ ಹೋಟೆಲಿನ ಗಲ್ಲಾದ ಮೇಲಿದ್ದವರು. ಅವರ ಪೆಟ್ಟಿಗೆಯಲ್ಲಿ ಒಂದು ಛಾಪಾ ಕಾಗದ ಸಿಕ್ಕಿತ್ತು. 1990ರದ್ದು. ಮೂವರು ಅಣ್ಣತಮ್ಮಂದಿರು ಊರಿನ ನಾಲ್ಕು ಜನ ಹಿರಿಯರ ಮುಂದೆ ಮಾಡಿಕೊಂಡ ಪಾಲುಪಟ್ಟಿ. ಬೈಲು ದೊಡ್ಡಪ್ಪನಿಗೆ, ಮಜಲು ಮತ್ತು ಮನೆ ಚಿಕ್ಕಪ್ಪನಿಗೆ, ಬೆಟ್ಟು ನಮ್ಮಪ್ಪನಿಗೆ. ಆಗ ಅದು ಎಲ್ಲರಿಗೂ ಸರಿ ಕಂಡಿತ್ತು. ಉಳುವವನಿಗೆ ಬೈಲು ಬೇಕು, ಮುಂಬೈಯಲ್ಲಿರುವವನಿಗೆ ಬೆಟ್ಟು ಸಾಕು. ಮುಂದೆ ಚಿಕ್ಕಪ್ಪ ಪುಣೆಗೆ ಹೋದರು, ಮನೆಯಲ್ಲಿ ದೊಡ್ಡಪ್ಪನ ಸಂಸಾರವೇ ಉಳಿಯಿತು.

ಮೂವತ್ತೈದು ವರ್ಷದಲ್ಲಿ ಭೂಮಿ ತಲೆಕೆಳಗಾಯಿತು. ನಾಟಿಗೆ ಜನ ಸಿಗದೆ ಬೈಲಿನ ಅರ್ಧ ಹಡಿಲು ಬಿದ್ದಿದೆ. ಸಂಜೆ ಅಣ್ಣನ ಜೊತೆ ಅಂಚಿನ ಮೇಲೆ ನಡೆದೆ, ಮಂಡಿಯೆತ್ತರ ಹುಲ್ಲು, ನಡುವೆ ಕೊಕ್ಕರೆಗಳು. ಸುಗ್ಗಿ ಬೆಳೆ ನಿಂತೇ ಹತ್ತು ವರ್ಷವಾಯಿತಂತೆ. ಬೆಟ್ಟಿನ ಬದಿಯ ಮಣ್ಣಿನ ದಾರಿ ಡಾಂಬರು ಕಂಡಿದೆ. ಕೊಲ್ಲೂರಿಗೆ ಹೋಗುವ ಯಾತ್ರಿಕರು, ಚತುಷ್ಪಥವಾದ ಹೆದ್ದಾರಿ, ಇವುಗಳ ಜೊತೆಗೆ 2020ರಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಆದ ತಿದ್ದುಪಡಿ. ಬ್ರೋಕರುಗಳು ಬೈಲಿನ ಕಡೆ ತಲೆ ಹಾಕಿಯೂ ನೋಡುವುದಿಲ್ಲ. ಅವರಿಗೆ ಬೇಕಾದದ್ದು ಬೆಟ್ಟು. ತೀರ್ವೆಯ ಲೆಕ್ಕದಲ್ಲಿ ಕೊನೆಯದ್ದು ಪೇಟೆಯ ಲೆಕ್ಕದಲ್ಲಿ ಮೊದಲನೆಯದ್ದು.

ಆ ಛಾಪಾ ಕಾಗದದ ಬಲದ ಮೇಲೆ ನಾನು ಬೆಟ್ಟು ನನ್ನದು ಎಂದು ಹಟ ಹಿಡಿಯುತ್ತೇನೋ ಎಂಬುದೇ ಅಣ್ಣನ ಅಳುಕು. ಅದಕ್ಕೇ ನಗು ನಿಂತದ್ದು. ಆದರೆ ಆ ಕಾಗದ ನೋಂದಣಿಯಾದದ್ದಲ್ಲ. ನೂರು ರೂಪಾಯಿಗಿಂತ ಹೆಚ್ಚಿನ ಸ್ಥಿರಾಸ್ತಿಯ ಹಕ್ಕನ್ನು ಹಂಚುವ ಪತ್ರ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿಯಾಗಲೇಬೇಕು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಅದರಲ್ಲಿ ಅಜ್ಜಿಯ ಸಹಿ ಇಲ್ಲ. ಇಬ್ಬರು ಅತ್ತೆಯಂದಿರ ಸಹಿಯೂ ಇಲ್ಲ.

ಇಲ್ಲಿ ಲೆಕ್ಕ ಸ್ವಲ್ಪ ನಿಧಾನವಾಗಿ ಮಾಡಬೇಕು. ನಮ್ಮಲ್ಲಿ ಬಹಳ ಮಂದಿ ಎಡವುವುದು ಇಲ್ಲೇ. ಹೆಣ್ಣುಮಕ್ಕಳಿಗೆ ಪಾಲು ಬಂದದ್ದು 2005ರ ಕಾನೂನಿನಿಂದ, ಅದಕ್ಕೆ ಮೊದಲು ಅಪ್ಪ ಸತ್ತಿದ್ದರೆ ಇಲ್ಲ ಎಂದು ಡೊಂಬಿವಲಿಯಲ್ಲೂ ಹೇಳುತ್ತಾರೆ, ವಂಡ್ಸೆಯಲ್ಲೂ ಹೇಳುತ್ತಾರೆ. ಎರಡೂ ಕಡೆ ತಪ್ಪು. ತಂದೆಯ ಸ್ವಂತ ಆಸ್ತಿ, ವೀಲುನಾಮೆ ಇಲ್ಲದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದಲೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಸಮ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದದ್ದು ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಮಗನಂತೆ ಹುಟ್ಟಿನಿಂದಲೇ ಹಕ್ಕು. ಕರ್ನಾಟಕದಲ್ಲಿ 1994ರಲ್ಲೇ ಅದು ಬಂದಿತ್ತು, ಆದರೆ ಆಗಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರಲ್ಲಿ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಅಥವಾ ಕೋರ್ಟಿನ ಮೂಲಕ ಆದ ಪಾಲುಗಳನ್ನು ಮಾತ್ರ ಅದು ಕೆದಕುವುದಿಲ್ಲ.

ಹಾಗಾಗಿ 1988ರಲ್ಲಿ ಅಜ್ಜನ ಉಸಿರು ನಿಂತ ದಿನವೇ ಭೂಮಿ ಆರು ಪಾಲಾಗಿತ್ತು. ಅಜ್ಜಿ, ಮೂರು ಗಂಡು, ಎರಡು ಹೆಣ್ಣು. ಯಾರೂ ಅರ್ಜಿ ಹಾಕಬೇಕಾಗಿರಲಿಲ್ಲ. 1995ರಲ್ಲಿ ಅಜ್ಜಿ ಹೋದಾಗ ಅವರ ಪಾಲು ಐವರು ಮಕ್ಕಳಿಗೆ ಹಂಚಿ ಐದರಲ್ಲೊಂದು ಆಯಿತು. ಸಣ್ಣ ಅತ್ತೆ 2011ರಲ್ಲಿ ತೀರಿಕೊಂಡರು, ಮಕ್ಕಳಿರಲಿಲ್ಲ. ಅವರ ಪಾಲು ಮಾವನಿಗೆ ಹೋಗುತ್ತದೆ ಎಂದುಕೊಂಡಿದ್ದರು ಎಲ್ಲರೂ. ಹೋಗುವುದಿಲ್ಲ. ಮಕ್ಕಳಿಲ್ಲದ ಹೆಂಗಸಿಗೆ ತಂದೆತಾಯಿಯಿಂದ ಬಂದ ಆಸ್ತಿ ತಂದೆಯ ವಾರಸುದಾರರಿಗೇ ಮರಳುತ್ತದೆ. ಹೀಗೆ ಐದರಲ್ಲೊಂದು ನಾಲ್ಕರಲ್ಲೊಂದಾಯಿತು. ದೊಡ್ಡಪ್ಪನ ಪಾಲಿಗೆ ದೊಡ್ಡಮ್ಮ ಮತ್ತು ಮೂವರು ಮಕ್ಕಳು. ನಮ್ಮ ಪಾಲಿಗೆ ಅಮ್ಮ, ನಾನು, ತಂಗಿ. ಚಿಕ್ಕಪ್ಪನದ್ದಕ್ಕೆ ಚಿಕ್ಕಮ್ಮ ಮತ್ತು ಪುಣೆಯಲ್ಲಿರುವ ಮಗಳು. ಜೊತೆಗೆ ಕೋಟೇಶ್ವರದ ದೊಡ್ಡ ಅತ್ತೆ. ಹತ್ತು ಜನ, ಹತ್ತು ಸಹಿ. ಇನ್ನೊಂದು ತಲೆಮಾರು ಬಿಟ್ಟಿದ್ದರೆ ಇಪ್ಪತ್ತಾಗುತ್ತಿತ್ತು, ಅದರಲ್ಲಿ ಅರ್ಧ ಜನ ಒಬ್ಬರನ್ನೊಬ್ಬರು ನೋಡಿರುತ್ತಿರಲಿಲ್ಲ.

ಅಳಿಯಕಟ್ಟಿನ ಮನೆಗಳ ಲೆಕ್ಕ ಇದಲ್ಲ. ಮುಂಬೈಯ ನಮ್ಮ ಓದುಗರಲ್ಲಿ ಅವರೇ ಬಹಳ. ಅಲ್ಲಿ ಕುಟುಂಬದ ಆಸ್ತಿ ತಾಯಿಯ ಬಳಿಯಲ್ಲಿ ಕವರುಗಳಾಗಿ ಒಡೆಯುತ್ತದೆ, ಪಹಣಿಯಲ್ಲಿ ಯಜಮಾನನೊಬ್ಬನ ಹೆಸರಿರುತ್ತದೆ. 1956ರ ನಂತರ ತೀರಿಕೊಂಡವರ ಪಾಲು ಮಾತ್ರ ಹೊಸ ಕಾಯ್ದೆಯಂತೆ ಅವರ ವಾರಸುದಾರರಿಗೆ ಇಳಿಯುತ್ತದೆ. ಎರಡು ಕಾನೂನು ಒಂದೇ ಗದ್ದೆಯಲ್ಲಿ ನಡೆದಾಡುವಂಥ ಈ ಲೆಕ್ಕವನ್ನು ಊರಿನ ಅನುಭವೀ ವಕೀಲರೇ ಬಿಡಿಸಬೇಕು, ಬೋರಿವಲಿಯವರಿಂದ ಆಗದು.

ಮರುದಿನ ನಾಡಕಚೇರಿ. ಪೌತಿ ಖಾತೆಗೆ ಬೇಕಾದದ್ದು ಮುಖ್ಯವಾಗಿ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. ಅಜ್ಜನ ಮರಣ ಪುಣ್ಯಕ್ಕೆ ನೋಂದಣಿಯಾಗಿತ್ತು. ಆಗಿರದಿದ್ದರೆ, ವರ್ಷ ಕಳೆದ ಸಾವನ್ನು ದಾಖಲಿಸಲು ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಹೆಸರುಗಳದ್ದು ಬೇರೆ ರಗಳೆ. ಪಹಣಿಯಲ್ಲಿ ಅಜ್ಜನ ಹೆಸರು ಎರಡೇ ಅಕ್ಷರ, ಮರಣಪತ್ರದಲ್ಲಿ ನಾಲ್ಕು. ಅಪ್ಪ ಮುಂಬೈಯ ರಾತ್ರಿಶಾಲೆಗೆ ಸೇರುವಾಗ ಊರಿನ ಹೆಸರನ್ನೇ ಅಡ್ಡಹೆಸರಾಗಿ ಬರೆಸಿದವರು. ಹಾಗಾಗಿ ನನ್ನ ಆಧಾರಿಗೂ ಅಜ್ಜನ ಪಹಣಿಗೂ ಸಂಬಂಧವೇ ಕಾಣುವುದಿಲ್ಲ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ, ಅಪ್ಪನ ಶಾಲೆಯ ದಾಖಲೆ ಲಗತ್ತಿಸಬೇಕಾಯಿತು. ನಿಮ್ಮ ಅಪ್ಪ ಅಮ್ಮ ಇರುವಾಗಲೇ ಈ ಒಂದು ಕೆಲಸ ಮಾಡಿಟ್ಟುಕೊಳ್ಳಿ.

ಮಹಜರಿಗೆ ಗ್ರಾಮಕರಣಿಕರು ಮನೆಗೇ ಬಂದರು. ಯುವತಿ, ಬಾಗಲಕೋಟೆ ಕಡೆಯವರು, ಕುಂದಾಪ್ರ ಕನ್ನಡ ಅರ್ಧ ಕಲಿತಿದ್ದರು. ಚಾವಡಿಯಲ್ಲಿ ಕುಳಿತು ವಂಶವೃಕ್ಷದ ಕರಡು ತೆಗೆದಾಗ ಅದರಲ್ಲಿ ಅಜ್ಜನ ಕೆಳಗೆ ಮೂರೇ ಗೆರೆ. ಮೂರು ಗಂಡು. ಅಣ್ಣ ಕೊಟ್ಟದ್ದು.

"ಅತ್ತೆಯರ್ ಹೆಸ್ರ್ ಎಂತಕೆ? ಅವ್ರಿಗೆ ಮದಿ ಮಾಡಿ ಕೊಟ್ಟಾಯ್ತಲ್ದಾ" ಎಂದ. ಅವನಲ್ಲಿ ಕಪಟವಿರಲಿಲ್ಲ. ಅವನು ನೋಡಿದ ವಂಶವೃಕ್ಷಗಳೆಲ್ಲ ಹಾಗೇ ಇದ್ದವು.

ಗ್ರಾಮಕರಣಿಕರು ಪೆನ್ನು ಕೆಳಗಿಟ್ಟರು. "ಹೆಣ್ಮಕ್ಳನ್ನ ಬಿಟ್ಟು ಸಹಿ ಮಾಡಿದ್ರ ನಾಳೆ ನನಗೂ ತ್ರಾಸು, ನಿಮಗೂ ತ್ರಾಸು ನೋಡ್ರಿ" ಎಂದರು. ಅಣ್ಣ ನನ್ನ ಮುಖ ನೋಡಿದ. ಬರೆಸಿ ಎಂದೆ. ಹಾಗೆ ಬರೆಸಿದರೆ ನನ್ನ ಪಾಲೂ ಮೂರರಲ್ಲೊಂದರಿಂದ ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಅಳುಕು ಕಮ್ಮಿಯಾದಂತೆ ಕಂಡಿತು.

ಸಂಜೆ ಇಬ್ಬರೂ ಕೋಟೇಶ್ವರಕ್ಕೆ ಹೋದೆವು. ಅತ್ತೆಗೆ ಎಪ್ಪತ್ತೆಂಟು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಬಿಡುತ್ತಾರೆ, ಎಲ್ಲರ ಮನೆಯಲ್ಲೂ ಅತ್ತೆಯರು ಹಾಕುತ್ತಾರೆ ಎಂದು ಅಣ್ಣ ದಾರಿಯುದ್ದಕ್ಕೂ ಹೇಳುತ್ತಿದ್ದ. ಕೇಳಿದೆವು. ಅವರು ಎಲೆ ಅಡಿಕೆ ತಟ್ಟೆ ನಮ್ಮ ಕಡೆ ದೂಡಿದರು.

"ನಂಗ್ ದುಡ್ಡ್ ಬ್ಯಾಡ ಮಗ. ಅಪ್ಪಯ್ಯ ಡಿಕ್ಲರೇಶನ್ ಕೊಡುಕೆ ಹೋಪತಿಗೆ ಸಂತಿಗ್ ನಡ್ಕಂಡ್ ಹೋದವ್ಳ್ ನಾನ್. ಆ ಕಾಗ್ದದಂಗೆ ನನ್ ಹೆಸ್ರ್ ಒಂದ್ ಇರ್ಲಿ."

ಅಣ್ಣ ಮಾತಾಡಲಿಲ್ಲ. ಬಿಡುಗಡೆ ಪತ್ರದ ಮಾತು ಅಲ್ಲಿಗೆ ನಿಂತಿತು. ಇಲ್ಲಿ ಒಂದು ವಿಷಯ ಹೇಳಬೇಕು. ಹಕ್ಕು ಬಿಡುವುದು ಕಚೇರಿಯ ಹೇಳಿಕೆಯಿಂದಾಗಲಿ, ವಾಟ್ಸಾಪ್ ಮೆಸೇಜಿನಿಂದಾಗಲಿ ಆಗುವುದಿಲ್ಲ. ಅದೂ ನೋಂದಣಿಯಾಗಬೇಕು. ವಿದೇಶದಲ್ಲಿರುವವರು ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಮುಕ್ತಿಯಾರುನಾಮೆ ಮಾಡಿಸಿ ಕಳುಹಿಸಬಹುದು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಛಾಪಾ ಶುಲ್ಕ ಕಟ್ಟಿಸಬೇಕು. ಮಸ್ಕತ್ತಿನಲ್ಲಿರುವ ದೊಡ್ಡಪ್ಪನ ಎರಡನೇ ಮಗ ಹಾಗೇ ಕಳುಹಿಸಿದ.

ಪಹಣಿಯನ್ನು ಪೂರ್ತಿ ಓದುವವರು ಕಡಿಮೆ. ಒಂಬತ್ತನೇ ಕಾಲಮಿನಲ್ಲಿ ಹೆಸರು ನೋಡಿ ಮಡಚಿಡುತ್ತಾರೆ. ಹನ್ನೊಂದನೆಯದ್ದರಲ್ಲಿ ಇತರ ಹಕ್ಕು ಮತ್ತು ಋಣ ಇರುತ್ತದೆ. ನಮ್ಮದರಲ್ಲಿ ಅಜ್ಜನ ಕಾಲದ ಒಂದು ಸಹಕಾರಿ ಸಾಲ ಹಾಗೇ ನಿಂತಿತ್ತು. ತೀರಿಸಿದ ರಶೀದಿ ರವಿಕೆ ಬಟ್ಟೆಯ ಗಂಟಿನಲ್ಲೇ ಇತ್ತು. ಅದನ್ನು ಹಿಡಿದು ಸಂಘಕ್ಕೆ ಮೂರು ಸಲ ಹೋಗಿ ಋಣಮುಕ್ತ ಪತ್ರ ತಂದದ್ದಾಯಿತು. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನೂ ತೆಗೆಸಿದೆವು. ಈಚಿನ ವರ್ಷಗಳದ್ದು ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ, ಹಳೆಯದಕ್ಕೆ ಕುಂದಾಪುರದ ಕಚೇರಿಯ ಮೆಟ್ಟಿಲು ಹತ್ತಬೇಕು.

ಇಷ್ಟಾದರೂ ಪಹಣಿಯೆಂದರೆ ಒಡೆತನವಲ್ಲ. ಕಂದಾಯ ಯಾರಿಂದ ವಸೂಲು ಮಾಡಬೇಕೆಂದು ಸರ್ಕಾರ ಇಟ್ಟುಕೊಂಡ ಪುಸ್ತಕ ಅದು. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದಕ್ಕೆ ಲೆಕ್ಕವಿಲ್ಲ. ಅಣ್ಣ ತನ್ನೊಬ್ಬನ ಹೆಸರಿಗೆ ಖಾತೆ ಮಾಡಿಸಿಕೊಂಡ, ಎಲ್ಲ ಹೋಯಿತು ಎಂದು ಮಾಟುಂಗದಲ್ಲಿ ಕುಳಿತು ಅಳುವವರಿದ್ದಾರೆ. ಹೋಗಿಲ್ಲ. ಹನ್ನೆರಡು ವರ್ಷ ಉಂಡವನಿಗೇ ಭೂಮಿ ಎಂಬ ಮಾತು ಕೂಡ ಒಡಹುಟ್ಟಿದವರ ನಡುವೆ ಸುಮ್ಮನೆ ಅನ್ವಯಿಸುವುದಿಲ್ಲ. ಒಬ್ಬ ಪಾಲುದಾರನ ಸ್ವಾಧೀನ ಎಲ್ಲರ ಪರವಾಗಿಯೇ ಎಂದು ಕಾನೂನು ಎಣಿಸುತ್ತದೆ, ಉಳಿದವರ ಹಕ್ಕನ್ನು ಬಹಿರಂಗವಾಗಿ ನಿರಾಕರಿಸಿ ಹೊರಗಿಟ್ಟದ್ದು ಸಾಬೀತಾದರೆ ಮಾತು ಬೇರೆ. ನಮ್ಮ ಮುಂಬೈ ಫ್ಲ್ಯಾಟುಗಳ ನಾಮಿನಿಯದ್ದೂ ಇದೇ ಕಥೆ. ಸೊಸೈಟಿ ನಾಮಿನಿಯ ಹೆಸರಿಗೆ ಷೇರು ಸರ್ಟಿಫಿಕೇಟು ಬದಲಿಸಿಕೊಡಬಹುದು. ಆದರೆ ನಾಮಿನಿ ಎಂದರೆ ಕಾವಲುಗಾರ, ವಾರಸುದಾರರೆಲ್ಲರ ಪರವಾಗಿ ಇಟ್ಟುಕೊಂಡವನು.

ಬ್ರೋಕರು ಮೂರನೇ ದಿನ ಬಂದ. ಅವನ ಲೆಕ್ಕದಲ್ಲಿ ನಮ್ಮದು ನಾಲ್ಕು ಎಕರೆ. ಹೇಗೆಂದು ಕೇಳಿದರೆ ಹಾಡಿಯ ಮೇಲಿನ ಗುಡ್ಡದ ಗೇರುಮರಗಳ ಕಡೆ ಕೈ ತೋರಿಸಿದ. ಅದು ಕುಮ್ಕಿ. ಕರಾವಳಿಯಲ್ಲಿ ಹಳೆಯ ವರ್ಗ ಭೂಮಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ತರಗೆಲೆ ತರುವ ಸವಲತ್ತು ಬ್ರಿಟಿಷರ ಮದ್ರಾಸು ಆಡಳಿತದ ಕಾಲದಿಂದ ಇದೆ. ಸವಲತ್ತು ಅಷ್ಟೆ. ಅಜ್ಜ ಗೇರು ನೆಟ್ಟರೂ, ಅಪ್ಪ ಬೇಲಿ ಹಾಕಿದರೂ ಕುಮ್ಕಿ ಸರ್ಕಾರದ್ದೇ. ಅದನ್ನು ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ. ಊರಿನಲ್ಲಿ ನಮ್ಮದು ಇಷ್ಟಿದೆ ಎಂದು ಮಕ್ಕಳಿಗೆ ಹೇಳುವ ಮೊದಲು ಅದರಲ್ಲಿ ಕುಮ್ಕಿ ಎಷ್ಟು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮನೆಯದ್ದೂ ಹಾಗೇ. ಪಂಚಾಯಿತಿಗೆ ವರ್ಷವರ್ಷ ತೆರಿಗೆ ಕಟ್ಟಿದ ರಶೀದಿ ಇದೆ, ಮನೆ ನಂಬರಿದೆ, ಆದರೆ ಜಾಗ ಇನ್ನೂ ಕೃಷಿಯದ್ದೇ. ನಮೂನೆ 9 ಮತ್ತು 11, ಊರವರ ಬಾಯಲ್ಲಿ ನೈನ್ ಇಲೆವೆನ್, ಅದಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ. ಅದಕ್ಕೆ ಮೊದಲು ಕನ್ವರ್ಶನ್. ಅದರ ಗೋಜು ಅಣ್ಣನಿಗೆ ಬಿಟ್ಟಿದ್ದೇವೆ.

ಕೊನೆಯ ದಿನ ಎಲ್ಲರೂ ಚಾವಡಿಯಲ್ಲಿ ಕೂತೆವು. ಪುಣೆಯ ತಂಗಿ ಫೋನಿನಲ್ಲಿ. ಬೈಲು ಪೂರ್ತಿ ಉಳುವ ಅಣ್ಣನಿಗೆ, ಅದಕ್ಕೆ ಸರಿಯಾಗಿ ಅವನ ಬೆಟ್ಟಿನ ತುಂಡು ಸಣ್ಣದು. ಬೆಟ್ಟನ್ನು ರಸ್ತೆಯಿಂದ ಹಿಂದಕ್ಕೆ ಉದ್ದುದ್ದ ನಾಲ್ಕು ಪಟ್ಟಿಯಾಗಿ ಸೀಳುವುದು, ಎಲ್ಲರಿಗೂ ರಸ್ತೆ ಮುಖ ಸಿಗಬೇಕು. ಅತ್ತೆಗೂ. ಅಡ್ಡ ಸೀಳಿದರೆ ಹಿಂದಿನವರಿಗೆ ದಾರಿಯಿಲ್ಲದೆ ಮುಂದಿನ ತಲೆಮಾರು ಕೋರ್ಟಿಗೆ ಹೋಗುತ್ತದೆ. ಮಜಲು ಮೂರು ಪಾಲು, ಮನೆ ದೊಡ್ಡಮ್ಮ ಇರುವವರೆಗೆ ಯಾರೂ ಮುಟ್ಟುವುದಿಲ್ಲ, ಅದನ್ನು ಪತ್ರದಲ್ಲೇ ಬರೆಯುವುದು. ಬಾವಿ, ಬಾವಿಗೆ ಹೋಗುವ ದಾರಿ, ನಾಗಬನ ಮತ್ತು ಅದರ ಸುತ್ತಿನ ಮೂರು ಸೆಂಟ್ಸ್ ಎಲ್ಲರದ್ದು. ತನು ಹಾಕುವ ಖರ್ಚು ಸರದಿಯಂತೆ. ಬನದ ವಿಷಯಕ್ಕೆ ಒಬ್ಬರೂ ತಕರಾರು ತೆಗೆಯಲಿಲ್ಲ, ಬಾವಿಯ ವಿಷಯಕ್ಕೆ ಒಂದು ಗಂಟೆ ಹಿಡಿಯಿತು.

ಈ ಪತ್ರ ನೋಂದಣಿಯಾಗಬೇಕಾದರೆ ಸರ್ವೆ ನಂಬರಿನ ತುಂಡುಗಳಿಗೆ 11-ಇ ನಕ್ಷೆ ಬೇಕು. ಅದಕ್ಕೂ ಮೊದಲು ಪೌತಿ. ಅರ್ಜಿ ಹಾಕಿ ಬಂದೆ. ತಕರಾರಿದ್ದರೆ ತಿಳಿಸಿ ಎಂಬ ನೋಟಿಸಿನ ಅವಧಿ ಮುಗಿದ ಮೇಲೆ ಅಣ್ಣ ಹೊಸ ಪಹಣಿಯ ಫೋಟೋ ಕಳುಹಿಸಿದ. ಹತ್ತು ಹೆಸರು, ಜಂಟಿ. ಅದನ್ನು ಪ್ರಿಂಟು ತೆಗೆಸಿ ಕೋಟೇಶ್ವರಕ್ಕೆ ಕೊಂಡುಹೋಗಿದ್ದನಂತೆ. ಅತ್ತೆ ಕನ್ನಡಕ ಹುಡುಕಿ ತಂದು ಓದಿ, ತನ್ನ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ, ತಿದ್ದಿಸು ಎಂದರಂತೆ.

ಅದಕ್ಕೆ ಮತ್ತೊಂದು ಅರ್ಜಿ. ಸರ್ವೆಯವರು ಕೊಯ್ಲು ಮುಗಿದ ಮೇಲೆ ಬರುತ್ತಾರೆ, ಕಲ್ಲು ಹಾಕುವ ದಿನ ಒಬ್ಬರಾದರೂ ಮುಂಬೈಯಿಂದ ಬರಬೇಕು ಎಂದು ಅಣ್ಣ ಹೇಳಿದ್ದಾನೆ. ಮತ್ಸ್ಯಗಂಧಕ್ಕೆ ಎರಡು ಟಿಕೇಟು ತೆಗೆದಿದ್ದೇನೆ. ಈ ಸಲ ಮಗಳೂ ಬರುತ್ತಾಳೆ.